ಸ್ವಂತ ಲಾರಿ ಅಟ್ಯಾಚ್ ಮಾಡೋದು ಯಾರ ಹತ್ತಿರ? ಒಂದೇ ಗಾಡಿ ಇರುವವರು ದಯವಿಟ್ಟು ಹೇಳಿ

ಹಿರಿಯೂರು_ಹನ್ನೆರಡುಚಕ್ರ
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಬೇರೆಯವರ ಗಾಡಿ ಓಡಿಸಿದೆ. ಹೋದ ತಿಂಗಳು ಸ್ವಂತದ್ದು ತಗೊಂಡೆ. ಸೆಕೆಂಡ್ ಹ್ಯಾಂಡ್, 2021 ಮಾಡೆಲ್, ಹನ್ನೆರಡು ಚಕ್ರ, ಓಪನ್ ಬಾಡಿ. ಕೂಡಿಟ್ಟಿದ್ದು ಸ್ವಲ್ಪ, ಹೆಂಡತಿಯ ಒಡವೆ ಅಡ ಇಟ್ಟಿದ್ದು ಸ್ವಲ್ಪ, ಉಳಿದಿದ್ದೆಲ್ಲ ಫೈನಾನ್ಸ್. ತಿಂಗಳಿಗೆ 54 ಸಾವಿರ ಕಂತು. ಮೊದಲ ಕಂತಿಗೆ ಇನ್ನು 19 ದಿನ ಇದೆ.

ಗಾಡಿ ಅಟ್ಯಾಚ್ ಮಾಡೋಕೆ, ಅಂದರೆ ಒಂದು ಕಂಪನಿಯ ಕೆಲಸಕ್ಕೆ ಕಾಯಂ ಬಾಡಿಗೆಗೆ ಬಿಡೋಕೆ, ಮೂರು ಕಡೆ ಮಾತಾಡಿದ್ದೇನೆ. ಒಬ್ಬರು ತೋರಣಗಲ್ಲಿನಲ್ಲಿ ಸ್ಟೀಲ್ ಸಾಗಿಸುವ ಕಾಂಟ್ರಾಕ್ಟರ್. ಟನ್ ಲೆಕ್ಕದಲ್ಲಿ ಬಾಡಿಗೆ, ರೇಟ್ ಚೆನ್ನಾಗಿದೆ, ಆದರೆ ದುಡ್ಡು 45 ದಿನಕ್ಕೆ ಅಂತಾರೆ. ಇನ್ನೊಬ್ಬರು ನೆಲಮಂಗಲದ ಟ್ರಾನ್ಸ್‌ಪೋರ್ಟ್. ಲೋಡ್ ಆದ ತಕ್ಷಣ 80 ಪರ್ಸೆಂಟ್ ಅಡ್ವಾನ್ಸ್, ಲೋಡ್ ಗ್ಯಾರಂಟಿ ಇಲ್ಲ. ಮೂರನೆಯದು ಪಾರ್ಸೆಲ್ ಕಂಪನಿ. ತಿಂಗಳಿಗೆ 8000 ಕಿಲೋಮೀಟರ್ ಗ್ಯಾರಂಟಿ, ಕಿಲೋಮೀಟರ್‌ಗೆ ಇಷ್ಟು ಅಂತ ಫಿಕ್ಸ್. ಆದರೆ ಓಪನ್ ಬಾಡಿ ತೆಗೆಸಿ ಕಂಟೇನರ್ ಹಾಕಿಸಬೇಕಂತೆ. ಆ ಖರ್ಚು ಅವರೇ ಹಾಕಿ ತಿಂಗಳು ತಿಂಗಳು ಹಿಡಿದುಕೊಳ್ಳುತ್ತಾರೆ. ಎರಡು ವರ್ಷದ ಅಗ್ರಿಮೆಂಟ್, ಎರಡು ಖಾಲಿ ಚೆಕ್ ಬೇರೆ ಕೇಳಿದ್ದಾರೆ.

ಸ್ಟೇರಿಂಗ್ ಹಿಡಿಯೋದು ನನಗೆ ಗೊತ್ತು. ಈ ಕಾಗದದ ಕೆಲಸ ಗೊತ್ತಿಲ್ಲ. ಯಾವುದನ್ನು ನೋಡಿ ಆರಿಸಬೇಕು?

ತೋರಣಗಲ್ಲು_ಲೈನ್
ತಮ್ಮಾ, ಮೊದಲು ಒಂದು ಮಾತು. ಯಾರ ಆಫೀಸಿಗೂ ಹೋಗಬೇಡ. ಆಫೀಸಿನಲ್ಲಿ ಎಲ್ಲರೂ ಟೀ ಕೊಟ್ಟು ಚೆನ್ನಾಗೇ ಮಾತಾಡುತ್ತಾರೆ. ಅವರ ಗಾಡಿ ನಿಲ್ಲುವ ಯಾರ್ಡ್‌ಗೆ ಹೋಗು, ರಾತ್ರಿ ಎಂಟರ ಮೇಲೆ. ಆ ಹೊತ್ತಿಗೆ ಡ್ರೈವರ್‌ಗಳು ಗಾಡಿ ಪಕ್ಕ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿರುತ್ತಾರೆ. ಜೊತೆಗೆ ಕೂತು ಮಾತಾಡು. ರೇಟ್ ಎಷ್ಟು ಅಂತ ಕೇಳಬೇಡ. ಹಿಂದಿನ ಟ್ರಿಪ್ಪಿನ ಬ್ಯಾಲೆನ್ಸ್ ಯಾವತ್ತು ಬಂತು ಅಂತ ಕೇಳು. ಐದು ಜನರನ್ನು ಕೇಳು. ನಾಲ್ಕು ಜನ ಒಂದೇ ದಿನ ಹೇಳಿದರೆ ಅದೇ ನಿಜ. ಒಬ್ಬೊಬ್ಬರು ಒಂದೊಂದು ಹೇಳಿದರೆ, ಅಲ್ಲಿ ಗಲಾಟೆ ಮಾಡಿದವರಿಗೆ ಮೊದಲು ದುಡ್ಡು, ಸುಮ್ನೆ ಇರುವವರಿಗೆ ಕೊನೆಗೆ ಅಂತ ತಿಳಿದುಕೋ.

ಇನ್ನೊಂದು, ಅಲ್ಲಿ ಅಟ್ಯಾಚ್ ಆಗಿರುವ ಗಾಡಿಗಳ ಟೈರ್ ನೋಡು. ಟಾರ್ಚ್ ಹಾಕಿ ನೋಡು. ಒಂದೆರಡು ಗಾಡಿಯಲ್ಲಿ ಸವೆದಿದ್ದರೆ ಅದು ಆ ಮಾಲೀಕನ ಕಷ್ಟ. ಹತ್ತರಲ್ಲಿ ಎಂಟು ಗಾಡಿಯ ಟೈರ್ ನುಣ್ಣಗಾಗಿದ್ದರೆ, ಹಿಂದಿನ ಆಕ್ಸಲ್‌ಗೆಲ್ಲ ರೀಟ್ರೆಡ್ (ಸವೆದ ಟೈರಿಗೆ ಹೊಸ ರಬ್ಬರ್) ಮೇಲೆ ರೀಟ್ರೆಡ್ ಹಾಕಿದ್ದರೆ, ಆ ಕಂಪನಿಯ ಗಾಡಿ ಮಾಲೀಕರ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲ ಅಂತ ಅರ್ಥ. ಯಾವ ಅಗ್ರಿಮೆಂಟ್ ಓದಿದರೂ ಇಷ್ಟು ಗೊತ್ತಾಗೋದಿಲ್ಲ.

ಸ್ಟೀಲ್ ಬಗ್ಗೆ ಹೇಳ್ತೀನಿ ಕೇಳು. ಬಾಡಿಗೆ ಒಳ್ಳೆಯದೇ. ಆದರೆ ಗೇಟ್ ಮುಂದೆ ಟೋಕನ್ ಹಿಡಿದು ಕಾಯೋದು ಇದೆ. ಒಂದು ದಿನ, ಕೆಲವು ಸಲ ಮೂರು ದಿನ. ಆ ಮೂರು ದಿನಕ್ಕೆ ಹಾಲ್ಟಿಂಗ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ದುಡ್ಡು, ಯಾರು ಕೊಡ್ತಾರೆ? ಬಾಯಿಮಾತಲ್ಲಿ ಎಲ್ಲರೂ ಕೊಡ್ತಾರೆ. ಎಷ್ಟು ಗಂಟೆ ಆದಮೇಲೆ, ದಿನಕ್ಕೆ ಎಷ್ಟು ರೂಪಾಯಿ ಅಂತ ಬರೆಸಿಕೋ.

ಹಿರಿಯೂರು_ಹನ್ನೆರಡುಚಕ್ರ
ಅಣ್ಣ, ಟೈರ್ ಮಾತು ಮನಸ್ಸಿಗೆ ನಾಟಿತು. ಶನಿವಾರ ಹೋಗ್ತೀನಿ. 45 ದಿನ ಅಂದರೆ ಮೊದಲ ಒಂದೂವರೆ ತಿಂಗಳು ಡೀಸೆಲ್ ನನ್ನ ಕೈಯಿಂದಲೇ ಅಲ್ವಾ?

ತೋರಣಗಲ್ಲು_ಲೈನ್
ಹೌದು. ಅದೇ ನಿನ್ನ ನಿಜವಾದ ಲೆಕ್ಕ. ನಿನ್ನ ಗಾಡಿ ಲೋಡ್‌ನಲ್ಲಿ ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಡುತ್ತೆ ಅಂತ ಇಟ್ಟುಕೋ. ಲೀಟರ್ 91 ರೂಪಾಯಿ ಅಂದರೆ ಕಿಲೋಮೀಟರ್‌ಗೆ ಡೀಸೆಲ್ಲೇ 26 ರೂಪಾಯಿ. ತಿಂಗಳಿಗೆ ಆರು ಸಾವಿರ ಕಿಲೋಮೀಟರ್ ಓಡಿದರೆ 1 ಲಕ್ಷ 56 ಸಾವಿರ. ಅದರ ಮೇಲೆ ಟೋಲ್, ಆಡ್‌ಬ್ಲೂ (ಹೊಗೆ ಶುದ್ಧ ಮಾಡೋಕೆ ಹಾಕುವ ದ್ರವ), ಕಂತು, ಮನೆ ಖರ್ಚು. ಒಂದೂವರೆ ತಿಂಗಳು ಇದನ್ನೆಲ್ಲ ತಡೆಯೋಕೆ ಕೈಯಲ್ಲಿ ಮೂರು ಮೂರೂವರೆ ಲಕ್ಷ ಬೇಕು. ಇಲ್ಲ ಅಂದರೆ ಕಾಂಟ್ರಾಕ್ಟರೇ ತನ್ನ ಬಂಕ್‌ನಲ್ಲಿ ಡೀಸೆಲ್ ಹಾಕಿಸ್ತಾನೆ. ಅಲ್ಲಿಂದ ನೀನು ಅವನ ಕೈಯಲ್ಲಿ. ಹಾಗಾಗಿ ರೇಟ್ ಟನ್‌ಗೆ ಐವತ್ತು ರೂಪಾಯಿ ಕಡಿಮೆ ಇದ್ದರೂ ಹದಿನೈದು ದಿನಕ್ಕೆ ಕೊಡುವವನು ನಿನಗೆ ಒಳ್ಳೆಯವನು. ನಾನು ಇದನ್ನು ಎರಡು ವರ್ಷ ತಡವಾಗಿ ಕಲಿತೆ. ಒಂದು ಕಡೆ ನನ್ನ 1 ಲಕ್ಷ 80 ಸಾವಿರ ನಾಲ್ಕು ತಿಂಗಳು ನಿಂತುಬಿಟ್ಟಿತು. ಅದೇ ಸಮಯದಲ್ಲಿ ಮಗಳ ಕಾಲೇಜು ಫೀಸ್ ಕಟ್ಟಬೇಕಿತ್ತು. ಆ ನಾಲ್ಕು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ನೆಲಮಂಗಲ_ರಾತ್ರಿಪಾಳಿ
ನಾನು ನೆಲಮಂಗಲದಿಂದಲೇ ಓಡಿಸೋದು. 80 ಪರ್ಸೆಂಟ್ ಅಡ್ವಾನ್ಸ್ ಕೇಳೋಕೆ ಚೆನ್ನಾಗಿದೆ. ಉಳಿದ 20 ಪರ್ಸೆಂಟ್‌ನಲ್ಲೇ ನಿಮ್ಮ ಲಾಭ ಇರೋದು, ಅದನ್ನು ಮರೀಬೇಡಿ. ಅಡ್ವಾನ್ಸ್ ಪೂರ್ತಿ ಡೀಸೆಲ್‌ಗೆ, ಟೋಲ್‌ಗೆ ಹೋಗುತ್ತೆ. ಕೊನೆಗೆ ಆ ಇಪ್ಪತ್ತರಲ್ಲಿ ಕಮಿಷನ್ ಕಡಿತಾರೆ, ಮಾಮೂಲು ಅಂತ ಕಡಿತಾರೆ, ಹಮಾಲಿ ಕಡಿತಾರೆ, ಶಾರ್ಟೇಜ್ ಅಂತ ಕಡಿತಾರೆ.

ನನಗೆ ಆಗಿದ್ದು ಹೇಳ್ತೀನಿ. ಕೊಲ್ಲಾಪುರಕ್ಕೆ ಲೋಡ್. ಸಂಜೆ ಅನ್‌ಲೋಡ್ ಆಯ್ತು, ಮಳೆ, ಗೋಡೌನ್ ಮುಚ್ಚುವ ಅವಸರ. ಎಲ್‌ಆರ್ (ಲಾರಿ ರಸೀದಿ) ಹಿಂದೆ ಸಹಿ ಹಾಕಿ ಕೊಟ್ಟರು, ಸೀಲ್ ಹಾಕಲಿಲ್ಲ. ನಾನೂ ನೋಡಲಿಲ್ಲ. ಇಲ್ಲಿ ಬಂದು ಕೊಟ್ಟರೆ ಸೀಲ್ ಇಲ್ಲ, ಬಿಲ್ ಪಾಸ್ ಆಗಲ್ಲ ಅಂದರು. 11,400 ರೂಪಾಯಿ ಬ್ಯಾಲೆನ್ಸ್ ಐದು ವಾರ ಓಡಾಡಿಸಿ ಕೊನೆಗೆ 8 ಸಾವಿರ ಕೊಟ್ಟರು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಅನ್‌ಲೋಡ್ ಆದ ಜಾಗದಲ್ಲೇ ಸಹಿ, ಸೀಲ್, ತಾರೀಕು, ಟೈಮ್ ನಾಲ್ಕೂ ಬಿತ್ತಾ ನೋಡ್ತೀನಿ. ಅಲ್ಲೇ ನಿಂತು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕ್ತೀನಿ. ಎರಡೂ ಕಡೆಯ ವೇಬ್ರಿಡ್ಜ್ ತೂಕದ ಚೀಟಿಯ ಫೋಟೋ ಕೂಡ. ಆ ಚೀಟಿಯ ಅಕ್ಷರ ಎರಡು ತಿಂಗಳಿಗೆ ಮಾಸಿಹೋಗುತ್ತೆ, ಫೋಟೋ ಉಳಿಯುತ್ತೆ.

ಅಟ್ಯಾಚ್ ಮಾಡುವ ಮುಂಚೆ ಕಂಪನಿಯವರನ್ನು ಇಷ್ಟು ಕೇಳಿ: ಪಿಓಡಿ (ಮಾಲು ತಲುಪಿದ್ದಕ್ಕೆ ಸಹಿ ಆದ ಕಾಗದ) ಫೋಟೋ ಕಳಿಸಿದರೆ ಬ್ಯಾಲೆನ್ಸ್ ಬಿಡ್ತೀರಾ, ಒರಿಜಿನಲ್ ಕೈಗೆ ಬಂದಮೇಲೇನಾ? ಫೋಟೋಗೆ ಬಿಡುವವರೂ ಇದ್ದಾರೆ. ಒರಿಜಿನಲ್ ಬೇಕು ಅನ್ನುವವರ ಹತ್ತಿರ ಎರಡು ವಾರ ಎಕ್ಸ್‌ಟ್ರಾ ಲೆಕ್ಕ ಹಾಕಿಕೊಳ್ಳಿ.

ಕಂಟೇನರ್_ಹುಬ್ಬಳ್ಳಿ
ಪಾರ್ಸೆಲ್ ಲೈನ್ ಬಗ್ಗೆ ನಾನು ಹೇಳ್ತೀನಿ, ಮೂರು ವರ್ಷ ಹುಬ್ಬಳ್ಳಿ–ಪುಣೆ ಓಡಿಸಿದ್ದೇನೆ. ಬೈಯೋಕೆ ಬಂದಿಲ್ಲ. ನನ್ನ ಮೊದಲ ಗಾಡಿಯ ಸಾಲ ತೀರಿದ್ದೇ ಅದರಿಂದ. ಹೊರಡೋ ಟೈಮ್ ಗೊತ್ತು, ತಲುಪೋ ಟೈಮ್ ಗೊತ್ತು, ತಿಂಗಳ ದುಡ್ಡು ಗೊತ್ತು. ಬ್ರೋಕರ್ ಮುಂದೆ ಕೈ ಕಟ್ಟಿ ನಿಲ್ಲೋದು ತಪ್ಪಿತು.

ಆದರೆ ಗ್ಯಾರಂಟಿ ಅನ್ನೋ ಪದದ ಕೆಳಗೆ ಏನು ಬರೆದಿದೆ ಓದಿ. ನನ್ನ ಅಗ್ರಿಮೆಂಟ್‌ನಲ್ಲಿ ತಿಂಗಳಿಗೆ 26 ದಿನ ಗಾಡಿ ಹಾಜರಿರಬೇಕು ಅಂತ ಇತ್ತು. ಒಂದು ಸಲ ಎಫ್‌ಸಿಗೆ (ಆರ್‌ಟಿಓದ ಫಿಟ್‌ನೆಸ್ ಸರ್ಟಿಫಿಕೇಟ್) ನಾಲ್ಕು ದಿನ, ಗೇರ್‌ಬಾಕ್ಸ್ ಕೆಲಸಕ್ಕೆ ಮೂರು ದಿನ ನಿಂತಿತು. ಗ್ಯಾರಂಟಿ ಆ ತಿಂಗಳು ಪೂರ್ತಿ ಹೋಯ್ತು, ಓಡಿದಷ್ಟಕ್ಕೆ ಮಾತ್ರ ಕೊಟ್ಟರು. ಗಾಡಿ ನಿಂತ ದಿನಕ್ಕೆ ತಕ್ಕಂತೆ ಕಡಿಮೆ ಮಾಡಿದರೆ ನ್ಯಾಯ, ಪೂರ್ತಿ ತೆಗೆಯೋದು ನ್ಯಾಯ ಅಲ್ಲ. ಅದನ್ನು ಸಹಿ ಹಾಕುವ ಮೊದಲೇ ತಿದ್ದಿಸಬೇಕು. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನಿಮ್ಮದು 2021 ಮಾಡೆಲ್, ಹಾಗಾಗಿ ಇದು ಹತ್ತಿರವೇ ಬರುತ್ತೆ.

ಎರಡನೆಯದು ಡೀಸೆಲ್. ಕಿಲೋಮೀಟರ್ ರೇಟ್ ಫಿಕ್ಸ್ ಅಂದರೆ ಡೀಸೆಲ್ ಏರಿದಾಗಲೂ ಫಿಕ್ಸಾ? 2025ರ ಏಪ್ರಿಲ್ 1ಕ್ಕೆ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 21.17 ಪರ್ಸೆಂಟ್ ಆಯ್ತು, ಲೀಟರಿಗೆ 2 ರೂಪಾಯಿ ಏರಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಮಾಡಿದ್ದು ನೆನಪಿರಬೇಕು. ಎರಡು ರೂಪಾಯಿ ಕಡಿಮೆ ಅನ್ನಿಸುತ್ತೆ. ಮೂರೂವರೆ ಮೈಲೇಜ್‌ನ ಗಾಡಿ 8000 ಕಿಲೋಮೀಟರ್ ಓಡಿದರೆ ತಿಂಗಳಿಗೆ ನಾಲ್ಕೂವರೆ ಸಾವಿರ ಜೇಬಿಂದ ಹೋಯ್ತು. ಸಹಿ ಹಾಕಿದ ದಿನದ ಡೀಸೆಲ್ ರೇಟ್ ಅಗ್ರಿಮೆಂಟ್‌ನಲ್ಲಿ ಬರೆದಿರಬೇಕು. ಅದಕ್ಕಿಂತ ಇಷ್ಟು ಏರಿದರೆ ಕಿಲೋಮೀಟರ್‌ಗೆ ಇಷ್ಟು ಪೈಸೆ ಜಾಸ್ತಿ ಅಂತ ಇರಬೇಕು.

ಬಾಡಿ ಬದಲಾಯಿಸೋದು ಮಾತ್ರ ತುಂಬಾ ಯೋಚನೆ ಮಾಡಿ. ಆರ್‌ಟಿಓದಲ್ಲಿ ಆರ್‌ಸಿ ತಿದ್ದಿಸಬೇಕು, ಫೈನಾನ್ಸ್‌ನವರ ಒಪ್ಪಿಗೆ ಬೇಕು. ಹಾಕಿಸಿದ ಆರು ತಿಂಗಳಿಗೆ ಅವರ ಜೊತೆ ಸರಿಹೋಗಲಿಲ್ಲ ಅಂದರೆ ಕಂಟೇನರ್ ಸಾಲ ನಿಮ್ಮ ತಲೆ ಮೇಲೆ, ಸ್ಟೀಲ್ ಲೋಡ್‌ಗೆ ವಾಪಸ್ ಹೋಗೋಕೂ ಆಗಲ್ಲ.

ಬೈಕಂಪಾಡಿ_ಲೋಡ್
ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಟ್ಯಾಚ್ ಯಾಕೆ ಮಾಡಬೇಕು? ಆರು ವರ್ಷದಿಂದ ಮಾರ್ಕೆಟ್ ಲೋಡ್ ಹೊಡೆಯುತ್ತಿದ್ದೇನೆ. ಮಂಗಳೂರು ಬಂದರಿನಿಂದ ಏರಿಸಿಕೊಂಡು ಶಿರಾಡಿ ಘಾಟ್ ಹತ್ತಿದರೆ, ವಾಪಸ್ ಲೋಡ್ ಬೆಂಗಳೂರಿಂದಲೋ ಹಾಸನದಿಂದಲೋ ನನಗೆ ಬೇಕಾದ ಹಾಗೆ. ಮೊಬೈಲ್ ಆ್ಯಪ್ ಬಂದಮೇಲೆ ಖಾಲಿ ಬರೋದು ಕಡಿಮೆಯಾಗಿದೆ.

ಕಂಟೇನರ್_ಹುಬ್ಬಳ್ಳಿ
ನಿಮಗೆ ಸಾಲ ತೀರಿದೆಯಾ ಸರ್?

ಬೈಕಂಪಾಡಿ_ಲೋಡ್
ತೀರಿದೆ, ಎರಡು ವರ್ಷ ಆಯ್ತು. ನಿಮ್ಮ ಪ್ರಶ್ನೆ ಅರ್ಥ ಆಯ್ತು, ಸರಿಯಾಗೇ ಕೇಳಿದ್ರಿ. ಮಳೆಗಾಲದಲ್ಲಿ ಶಿರಾಡಿ ಬಂದ್ ಆದಾಗ ನಾನು ಒಂದು ವಾರ ಗಾಡಿ ನಿಲ್ಲಿಸಿ ಮನೆಯಲ್ಲಿ ಇರಬಲ್ಲೆ. 54 ಸಾವಿರ ಕಂತು ಇರುವವರಿಗೆ ಅದು ಆಗಲ್ಲ. ಮೊದಲ ಎರಡು ವರ್ಷ ಅಟ್ಯಾಚ್ ಒಳ್ಳೆಯದು ಅಂತ ನಾನೂ ಒಪ್ತೀನಿ.

ಆದರೆ ಒಂದು ವಿಷಯಕ್ಕೆ ಮಾತ್ರ ಯಾರ ಮಾತೂ ಕೇಳಬೇಡಿ. ಓವರ್‌ಲೋಡ್. ಹನ್ನೆರಡು ಚಕ್ರಕ್ಕೆ ಲೋಡ್ ಸೇರಿ 35 ಟನ್. ಗಾಡಿ ಖಾಲಿ ತೂಕ ಹತ್ತು ಹನ್ನೊಂದು ಟನ್ ತೆಗೆದರೆ 24–25 ಟನ್ ಅಷ್ಟೇ ನಿಮ್ಮ ಲೋಡ್. ಎಲ್ಲರೂ ಮೂವತ್ತು ಹಾಕ್ತಾರೆ, ನೀನೂ ಹಾಕು ಅಂತಾರೆ. ಸಿಕ್ಕಿಬಿದ್ದರೆ ದಂಡ 20 ಸಾವಿರ, ಅದರ ಮೇಲೆ ಹೆಚ್ಚಿನ ಟನ್ ಒಂದಕ್ಕೆ 2 ಸಾವಿರ. ಐದು ಟನ್ ಜಾಸ್ತಿ ಇದ್ದರೆ 30 ಸಾವಿರ ಆಯ್ತು. ಜಾಸ್ತಿ ಇರುವ ಮಾಲು ಅಲ್ಲೇ ಇಳಿಸಬೇಕು. ಅವತ್ತು ಆಫೀಸಿನವರು ಫೋನ್ ಎತ್ತಲ್ಲ. ದುಡ್ಡಿನ ಮಾತು ಬಿಡಿ, ಘಾಟ್ ಇಳಿಯುವಾಗ ಬ್ರೇಕ್ ಡ್ರಮ್ ಕಾದು ವಾಸನೆ ಬರೋಕೆ ಶುರುವಾದರೆ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ನನಗೆ ಗೊತ್ತು. ಮಾತುಕತೆಯಲ್ಲೇ ಕೇಳಿ, ಪರ್ಮಿಟ್ ತೂಕಕ್ಕಿಂತ ಜಾಸ್ತಿ ಹಾಕಿಸ್ತೀರಾ ಅಂತ. ತಡವರಿಸಿದರೆ ಎದ್ದು ಬನ್ನಿ.

ಲೆಕ್ಕದ_ಅಕ್ಕ
ನಮ್ಮ ಮನೆಯವರ ಗಾಡಿಯ ಲೆಕ್ಕ ನಾನೇ ನೋಡೋದು, ಹಾಗಾಗಿ ಕಾಗದದ ವಿಷಯ ಹೇಳ್ತೀನಿ.

ಮೊದಲು ಆ ಖಾಲಿ ಚೆಕ್. ಕೊಡಬೇಡಿ ತಮ್ಮಾ. ಕೊಡಲೇಬೇಕಾದರೆ ಮೊತ್ತ ಬರೆದು, ಕಂಪನಿ ಹೆಸರು ಬರೆದು, ಹಿಂದೆ 'ಕಂಟೇನರ್ ಸಾಲಕ್ಕೆ ಭದ್ರತೆ' ಅಂತ ಬರೆದು ಕೊಡಿ. ಅಗ್ರಿಮೆಂಟ್‌ನಲ್ಲಿ ಚೆಕ್ ನಂಬರ್ ಹಾಕಿಸಿ, ಸಾಲ ತೀರಿದ ಎಷ್ಟು ದಿನಕ್ಕೆ ವಾಪಸ್ ಕೊಡ್ತಾರೆ ಅಂತ ಬರೆಸಿ. ಖಾಲಿ ಚೆಕ್ ಮೇಲೆ ದೊಡ್ಡ ಮೊತ್ತ ಬರೆದು ಬ್ಯಾಂಕಿಗೆ ಹಾಕಿದರೆ ಚೆಕ್ ಬೌನ್ಸ್ ಕೇಸಿಗೆ ನೀವು ಕೋರ್ಟಿಗೆ ಅಲೆಯಬೇಕಾಗುತ್ತೆ.

ಆಮೇಲೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಇನ್ಕಮ್ ಟ್ಯಾಕ್ಸ್. ಹತ್ತು ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರುವವರು ಪ್ಯಾನ್ ಜೊತೆ ಒಂದು ಡಿಕ್ಲರೇಶನ್ ಕೊಟ್ಟರೆ ಬಾಡಿಗೆಯಿಂದ ಟಿಡಿಎಸ್ ಕಡಿಯುವ ಹಾಗಿಲ್ಲ. ಒಂದೇ ಪುಟದ ಕಾಗದ. ಅದನ್ನು ಕೊಡದೆ ಎಷ್ಟೋ ಜನ ವರ್ಷ ಪೂರ್ತಿ ಕಡಿಸಿಕೊಳ್ತಾರೆ. ಜಿಎಸ್‌ಟಿ ನಂಬರ್ ತಗೊಳ್ಳಿ ಅಂತಲೂ ಕೆಲವರು ಹೆದರಿಸ್ತಾರೆ. ಟ್ರಾನ್ಸ್‌ಪೋರ್ಟ್ ಕಂಪನಿಗೆ ಲಾರಿ ಬಾಡಿಗೆಗೆ ಕೊಡೋದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ.

ಇನ್ಕಮ್ ಟ್ಯಾಕ್ಸ್‌ಗೆ ನಿಮ್ಮ ಗಾಡಿಗೆ ಟನ್‌ಗೆ ತಿಂಗಳಿಗೆ 1000 ರೂಪಾಯಿ ಆದಾಯ ಅಂತ ತೋರಿಸಬಹುದು. 35 ಟನ್ ಅಂದರೆ ತಿಂಗಳಿಗೆ 35 ಸಾವಿರ, ವರ್ಷಕ್ಕೆ 4 ಲಕ್ಷ 20 ಸಾವಿರ. ಗಾಡಿ ಓಡಲಿ, ನಿಲ್ಲಲಿ, ಲೆಕ್ಕ ಅಷ್ಟೇ. ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ ಬರಲ್ಲ. ಆದರೂ ರಿಟರ್ನ್ಸ್ ಹಾಕಿ. ಎರಡನೇ ಗಾಡಿಗೆ ಸಾಲ ಕೇಳುವಾಗ ಬ್ಯಾಂಕಿನವರು ಮೊದಲು ಕೇಳೋದೇ ಅದನ್ನು.

ಕೊನೆಯದು, ಇದು ತುಂಬಾ ಮುಖ್ಯ. ಉದ್ಯಮ್ ರಿಜಿಸ್ಟ್ರೇಶನ್ ಮಾಡಿಸಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ. ಪುಕ್ಕಟೆ. ಆಧಾರ್, ಪ್ಯಾನ್ ಸಾಕು. ಯಾರಿಗೂ ದುಡ್ಡು ಕೊಡಬೇಡಿ. ನಿಮ್ಮಂಥ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಹಿಡಿಯುವ ಹಾಗಿಲ್ಲ ಅಂತ 2006ರ ಕಾಯ್ದೆ ಹೇಳುತ್ತೆ. ಬರಹದ ಒಪ್ಪಂದ ಇಲ್ಲ ಅಂದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು. ಸಣ್ಣ ಉದ್ಯಮಗಳಿಗೆ ಅಂತ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಗಾಡಿ ಅಟ್ಯಾಚ್ ಮಾಡುವ ಮೊದಲೇ ಇದನ್ನು ಮಾಡಿಸಿ, ಬಿಲ್ ಮೇಲೆ ಆ ನಂಬರ್ ಹಾಕಿ.

ಹಿರಿಯೂರು_ಹನ್ನೆರಡುಚಕ್ರ
ಅಕ್ಕ, ಇಷ್ಟು ಯಾರೂ ಹೇಳಿರಲಿಲ್ಲ. ಉದ್ಯಮ್ ಇವತ್ತೇ ಮಾಡಿಸ್ತೀನಿ. ದೂರು ಕೊಟ್ಟರೆ ಆಮೇಲೆ ಲೋಡ್ ಕೊಡ್ತಾರಾ ಅನ್ನೋದೇ ಭಯ.

ಲೆಕ್ಕದ_ಅಕ್ಕ
ಆ ಭಯ ನಮಗೂ ಇತ್ತು. ನಾವು ಒಂದೇ ಒಂದು ಸಲ ಕೊಟ್ಟಿದ್ದು. ಆ ಕಂಪನಿಯಿಂದ ಲೋಡ್ ನಿಂತಿತು, ನಿಜ. ಆದರೆ ಮೂರು ತಿಂಗಳಿಂದ ದುಡ್ಡೇ ಕೊಡದವರ ಲೋಡ್ ಇದ್ದರೇನು ಬಂತು? ನಂಬರ್ ಬಿಲ್ ಮೇಲೆ ಇದ್ದರೆ ಸುಮಾರು ಕಡೆ ದೂರಿನವರೆಗೆ ಹೋಗೋದೇ ಬೇಡ, ಅವರ ಅಕೌಂಟೆಂಟ್‌ಗೆ ಗೊತ್ತಿರುತ್ತೆ.

ಡಲ್ಲಾಸ್_ಕನ್ನಡಿಗ
ನಾನು ಹಾಸನದವನು, ಈಗ ಟೆಕ್ಸಾಸ್‌ನಲ್ಲಿ ಸ್ವಂತ ಟ್ರಕ್ ಒಂದು ಕಂಪನಿಗೆ ಲೀಸ್ ಹಾಕಿ ಓಡಿಸ್ತೀನಿ. ಇಲ್ಲೂ ಇದೇ ತೊಂದರೆ ಇತ್ತು, ಅದಕ್ಕೇ ಸರ್ಕಾರ ನಿಯಮ ಮಾಡಿದೆ. ಲೀಸ್ ಬರಹದಲ್ಲಿ ಇರಬೇಕು. ಡೆಲಿವರಿ ಕಾಗದ ಕೊಟ್ಟ 15 ದಿನದೊಳಗೆ ದುಡ್ಡು ಬರಬೇಕು. ಪರ್ಸೆಂಟ್ ಲೆಕ್ಕದಲ್ಲಿ ಓಡಿಸುವವರಿಗೆ ಗಿರಾಕಿಗೆ ಹಾಕಿದ ಬಿಲ್ಲಿನ ಕಾಪಿ ತೋರಿಸಬೇಕು. ಏನೇನು ಕಡಿತಾರೆ ಅನ್ನೋದು ಲೀಸ್‌ನಲ್ಲೇ ಬರೆದಿರಬೇಕು. ನಮ್ಮಿಂದ ಹಿಡಿದಿಟ್ಟ ಡೆಪಾಸಿಟ್ ಅನ್ನು ಲೀಸ್ ಮುಗಿದ 45 ದಿನದೊಳಗೆ ಲೆಕ್ಕ ಮಾಡಿ ವಾಪಸ್ ಕೊಡಬೇಕು.

ಇಲ್ಲಿಯ ಕಾನೂನು ಅಲ್ಲಿಗೆ ನಡೆಯೋದಿಲ್ಲ, ಗೊತ್ತು. ಆದರೆ ಈ ಐದನ್ನೂ ನೀವು ನಿಮ್ಮ ಅಗ್ರಿಮೆಂಟ್‌ನಲ್ಲಿ ಕೇಳಿ ಹಾಕಿಸಿಕೊಳ್ಳಬಹುದು. ಕೇಳಿದರೆ ಕೆಲವರು ಒಪ್ಪುತ್ತಾರೆ. ನಾನು ಇಲ್ಲಿ ಮೊದಲ ವರ್ಷ ಜಾಸ್ತಿ ಪರ್ಸೆಂಟ್ ನೋಡಿ ಒಂದು ಕಂಪನಿ ಸೇರಿ, ಇನ್ಶೂರೆನ್ಸ್, ಟ್ರೈಲರ್ ಬಾಡಿಗೆ, ಅದು ಇದು ಕಡಿದು ಕೊನೆಗೆ ಕೈಗೆ ಬಂದದ್ದು ಕಡಿಮೆಯೇ. ಈಗಿನ ಕಂಪನಿ ಪರ್ಸೆಂಟ್ ಕಡಿಮೆ ಕೊಡುತ್ತೆ, ಶುಕ್ರವಾರ ಶುಕ್ರವಾರ ದುಡ್ಡು ಹಾಕುತ್ತೆ. ನೆಮ್ಮದಿಯಾಗಿ ನಿದ್ದೆ ಬರುತ್ತೆ.

ತೋರಣಗಲ್ಲು_ಲೈನ್
ಒಂದು ಮಾತು ಬಿಟ್ಟುಹೋಯ್ತು. ಬಿಟ್ಟು ಬರುವ ದಾರಿ. ಎಷ್ಟು ದಿನದ ನೋಟಿಸ್ ಕೊಟ್ಟರೆ ಗಾಡಿ ಬಿಡಿಸಿಕೊಳ್ಳಬಹುದು ಅಂತ ಬರೆದಿರಬೇಕು. ಒಂದು ತಿಂಗಳಿಗಿಂತ ಜಾಸ್ತಿ ಒಪ್ಪಬೇಡ. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಮಾವನದ್ದು ಎರಡು ಗಾಡಿ ಅದಿರು ಹೊಡೆಯುತ್ತಿತ್ತು. ಎರಡೂ ಸಾಲದ ಗಾಡಿ. ಬೇರೆ ಲೋಡ್ ಯಾರ ಹತ್ತಿರ ಸಿಗುತ್ತೆ ಅಂತಲೇ ಅವರಿಗೆ ಗೊತ್ತಿರಲಿಲ್ಲ, ಅಷ್ಟು ವರ್ಷ ಅದಿರು ಬಿಟ್ಟು ಬೇರೆ ಏರಿಸಿರಲಿಲ್ಲ. ಎಂಟು ತಿಂಗಳಲ್ಲಿ ಎರಡೂ ಸೀಜ್ ಆದವು. ಬೆಳಿಗ್ಗೆ ಬಂದು ಗಾಡಿ ತಗೊಂಡು ಹೋದರು. ಮಾವ ಗಾಡಿಯೊಳಗಿನ ದೇವರ ಫೋಟೋ ಒಂದನ್ನು ಬಿಚ್ಚಿಕೊಂಡು ಮನೆಗೆ ಬಂದರು. ಆ ಫೋಟೋ ಈಗ ನನ್ನ ಗಾಡಿಯಲ್ಲಿದೆ. ಅಟ್ಯಾಚ್ ಯಾರ ಹತ್ತಿರವೇ ಮಾಡು ತಮ್ಮಾ, ತಿಂಗಳಿಗೆ ಒಂದು ಲೋಡಾದರೂ ಹೊರಗಿನದ್ದು ಹೊಡೆಯೋಕೆ ಅವಕಾಶ ಇರುವ ಹಾಗೆ ಮಾತಾಡು.

ನೆಲಮಂಗಲ_ರಾತ್ರಿಪಾಳಿ
ಕಂಪನಿಗೆ ಕಾಮನ್ ಕ್ಯಾರಿಯರ್ (ಬಾಡಿಗೆಗೆ ಎಲ್ಲರ ಮಾಲು ಸಾಗಿಸುವವರು) ರಿಜಿಸ್ಟ್ರೇಶನ್ ಇದೆಯಾ ಅಂತಲೂ ನೋಡಿ. 2007ರ ಕಾಯ್ದೆ ಪ್ರಕಾರ ಬುಕಿಂಗ್ ಮಾಡುವ ಟ್ರಾನ್ಸ್‌ಪೋರ್ಟ್‌ನವರಿಗೆ ಅದು ಬೇಕೇ ಬೇಕು. ಸರ್ಟಿಫಿಕೇಟ್ ಆಫೀಸಿನ ಗೋಡೆ ಮೇಲೆ ಇರಬೇಕು. ಫೋಟೋ ತೆಗೆದುಕೊಳ್ಳಿ. ಇ–ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಕಾಗದ) ಮುಗಿಯುವ ಮೊದಲು ಅವರೇ ಎಕ್ಸ್‌ಟೆಂಡ್ ಮಾಡ್ತಾರಾ, ರಾತ್ರಿ ಫೋನ್ ಎತ್ತುವವರು ಇದ್ದಾರಾ ಅದನ್ನೂ ಕೇಳಿ. ದಿನಕ್ಕೆ 200 ಕಿಲೋಮೀಟರ್ ಲೆಕ್ಕ ಅದು, ಗಾಡಿ ಎಲ್ಲಾದರೂ ಕೆಟ್ಟು ನಿಂತರೆ ಬಿಲ್ ಸತ್ತುಹೋಗುತ್ತೆ.

ಹಿರಿಯೂರು_ಹನ್ನೆರಡುಚಕ್ರ
ಎಲ್ಲರಿಗೂ ನಮಸ್ಕಾರ, ತಡವಾಗಿ ಬರೆಯುತ್ತಿದ್ದೇನೆ. ಶನಿವಾರ ರಾತ್ರಿ ತೋರಣಗಲ್ಲು ಯಾರ್ಡ್‌ಗೆ ಹೋದೆ. 45 ದಿನ ಅಂದಿದ್ದ ಕಾಂಟ್ರಾಕ್ಟರ್ ಗಾಡಿಗಳ ಹತ್ತಿರ ಆರು ಜನರನ್ನು ಕೇಳಿದೆ. ಇಬ್ಬರು ಎರಡು ತಿಂಗಳು ಅಂದರು, ಒಬ್ಬ ಮೂರು ಅಂದ, ಉಳಿದವರು ನಕ್ಕು ಸುಮ್ಮನಾದರು. ಟೈರ್ ನೋಡಿದೆ. ಅಣ್ಣ ಹೇಳಿದ ಹಾಗೇ ಇತ್ತು.

ಅಲ್ಲೇ ಪಕ್ಕದಲ್ಲಿ ಇನ್ನೊಬ್ಬರ ಹದಿನೆಂಟು ಇಪ್ಪತ್ತು ಗಾಡಿ ನಿಂತಿದ್ದವು. ಅವರ ಹೆಸರು ನನ್ನ ಲಿಸ್ಟ್‌ನಲ್ಲೇ ಇರಲಿಲ್ಲ. ಅವರ ಡ್ರೈವರ್ ಒಬ್ಬರು ಊಟಕ್ಕೆ ಕೂರಿಸಿದರು, ಅನ್ನ, ಬೇಳೆ ಸಾರು, ಈರುಳ್ಳಿ. ಬ್ಯಾಲೆನ್ಸ್ ಯಾವತ್ತು ಅಂದರೆ, ಪಿಓಡಿ ಕೊಟ್ಟ ಹದಿನೈದನೇ ದಿನ, ಭಾನುವಾರ ಬಂದರೆ ಸೋಮವಾರ ಅಂದರು. ಇನ್ನು ನಾಲ್ಕು ಜನ ಅದನ್ನೇ ಹೇಳಿದರು. ರೇಟ್ ಟನ್‌ಗೆ 40 ರೂಪಾಯಿ ಕಡಿಮೆ. ಸೋಮವಾರ ಆಫೀಸಿಗೆ ಹೋಗಿ ಕೂತೆ. ಹಾಲ್ಟಿಂಗ್ 24 ಗಂಟೆ ಆದಮೇಲೆ ಅಂತ ಬರೆಸಿದೆ. ಡೀಸೆಲ್ ರೇಟ್ ಬರೆಸಿದೆ. ನೋಟಿಸ್ ಮೂರು ತಿಂಗಳು ಅಂತ ಇತ್ತು, ಒಂದು ತಿಂಗಳು ಮಾಡಿಸಿದೆ. ಹೊರಗಿನ ಲೋಡಿಗೆ ಮೊದಲು ಒಪ್ಪಲಿಲ್ಲ, ಕೊನೆಗೆ ಅವರ ಲೋಡ್ ಎರಡು ದಿನ ಇಲ್ಲ ಅಂದರೆ ಹೊಡೆದುಕೋ ಅಂದರು, ಅದನ್ನೂ ಪೆನ್ನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಚೆಕ್ ಕೇಳಲೇ ಇಲ್ಲ.

ಒಂದು ಟ್ರಿಪ್ ಮುಗಿದಿದೆ, ಬೆಂಗಳೂರಿಗೆ, 24 ಟನ್ 600 ಕೆಜಿ. ಸಹಿ, ಸೀಲ್, ತಾರೀಕು, ಟೈಮ್ ನಾಲ್ಕೂ ನೋಡಿ ಫೋಟೋ ಕಳಿಸಿದೆ. ಬ್ಯಾಲೆನ್ಸ್ ಮುಂದಿನ ಗುರುವಾರ ಬರಬೇಕು. ಬಂದ ದಿನ ಇಲ್ಲೇ ಬರೆಯುತ್ತೇನೆ. ಈಗ ಎರಡನೇ ಲೋಡಿಗೆ ಗೇಟ್ ಮುಂದೆ ಇದ್ದೇನೆ, ಟೋಕನ್ 41, ಒಳಗೆ 33 ಹೋಗಿದೆ.

ತೋರಣಗಲ್ಲು_ಲೈನ್
ನನ್ನದು 46. ಹಿಂದೆ ನೋಡು, ನೀಲಿ ಕ್ಯಾಬಿನ್. ಟೀ ಇಟ್ಟಿದ್ದೇನೆ, ಬಾ.